ಇಂಗ್ಲಿಷಿನ ‘ಲಿವ್’ ಸಂಸ್ಕೃತದ ‘ಜೀವ’ದಿಂದ ಬಂದದ್ದೇ?

ಪ್ರಶ್ನೆ (ಕೊಥ್ರೂಡ್, ಪುಣೆ)

ಇಂಗ್ಲಿಷಿನ ‘ಲಿವ್’ ಎಂಬ ಕ್ರಿಯಾಪದವು ಸಂಸ್ಕೃತದ ‘ಜೀವ’ದಿಂದ ಹುಟ್ಟಿದೆ ಎಂಬ ಸಂದೇಶವೊಂದು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತಿದ್ದು, ಮರಾಠಿಯ ನೆರೆಯವರು ತಮ್ಮ ‘ಜಿವಂತ’ವನ್ನೇ ಅದಕ್ಕೆ ಸಾಕ್ಷಿಯಾಗಿ ಕೊಡುತ್ತಿದ್ದಾರೆ. ಒಂಬತ್ತನೆಯ ತರಗತಿಯ ನನ್ನ ಮಗಳು ಇದನ್ನು ಶಾಲೆಯ ಪ್ರಬಂಧದಲ್ಲಿ ಬರೆಯಲು ಹೊರಟಿದ್ದಾಳೆ. ಬದುಕು, ಸಾವು, ಬದಲಾವಣೆಗಳನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳ ಮೂಲವನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಡೊಂಬಿವಲಿ, ನಿವೃತ್ತ ಶಿಕ್ಷಕಿ)

ಸದ್ಯಕ್ಕೆ ಬರೆಯುವುದು ಬೇಡವೆಂದು ಮಗಳಿಗೆ ಹೇಳಿ. ಸಂಸ್ಕೃತ ಮತ್ತು ಇಂಗ್ಲಿಷ್ ತಾಯಿ-ಮಕ್ಕಳಲ್ಲ, ದಾಯಾದಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದೂ ಇದನ್ನೇ.

ಉತ್ತರ 2 (ಪುಣೆ, ಭಾಷಾಶಾಸ್ತ್ರದ ವಿದ್ಯಾರ್ಥಿ)

ಮೇಡಂ ಹೇಳಿದ್ದು ಸರಿ. ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುದು ಪುರಾವೆಯಾಗುವುದಿಲ್ಲ. ಧ್ವನಿಗಳ ವ್ಯತ್ಯಾಸವು ಹಲವು ಪದಗಳಲ್ಲಿ ನಿಯಮದಂತೆ ಮರುಕಳಿಸಬೇಕು. ಸಂಸ್ಕೃತದಲ್ಲಿ ಗಕಾರ ಅಥವಾ ಜಕಾರವಿರುವ ಕೆಲವು ಪದಗಳಿಗೆ ಇಂಗ್ಲಿಷಿನಲ್ಲಿ ಕಕಾರ ಬರುತ್ತದೆ: ‘ಗೋ’ ಎಂಬುದಕ್ಕೆ ‘ಕೌ’, ‘ಗಮ್’ ಧಾತುವಿಗೆ ‘ಕಮ್’. ಈ ಲೆಕ್ಕದಲ್ಲಿ ‘ಜೀವ’ದ ದಾಯಾದಿಯಾಗಿ ನಿಲ್ಲುವುದು ‘ಕ್ವಿಕ್’. ಇಂದು ಹೆಚ್ಚಾಗಿ ಬೇಗ ಎಂಬ ಅರ್ಥದಲ್ಲಿ ಬಳಕೆಯಲ್ಲಿರುವ ಈ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಜೀವಂತ ಎಂಬ ಅರ್ಥವಿತ್ತು. ಉಗುರನ್ನು ತೀರಾ ಒಳಗೆ ಕತ್ತರಿಸಿದಾಗ ಚುರ್ರೆನ್ನುವ ಹಸಿ ಮಾಂಸವನ್ನು ಇಂಗ್ಲಿಷರು ಇಂದಿಗೂ ‘ಕ್ವಿಕ್’ ಎಂದೇ ಕರೆಯುತ್ತಾರೆ.

‘ಲಿವ್’ನ ಬೇರು ಬೇರೆಯೇ. ಅಂಟಿಕೊಳ್ಳು, ಅಲ್ಲೇ ಉಳಿದುಕೊಳ್ಳು ಎಂಬ ಅರ್ಥದ ಧಾತುವೊಂದರಿಂದ ಅದು ಬಂದಿದೆಯೆಂದು ನಿಘಂಟುಕಾರರು ಹೇಳುತ್ತಾರೆ. ಆ ಧಾತುವಿನ ಸಂಸ್ಕೃತ ರೂಪ ‘ಲಿಪ್’, ಅಂದರೆ ನಾವು ದಿನವೂ ಆಡುವ ‘ಲೇಪ’. ವಾಟ್ಸಾಪ್ ಸಂದೇಶಕ್ಕಿಂತ ಇದೇ ಹೆಚ್ಚು ಸೋಜಿಗದ ಸಂಗತಿ ಎಂದು ನನಗನ್ನಿಸುತ್ತದೆ.

ಇರು ಎಂಬ ಅರ್ಥದ ‘ಬಿ’ ಕ್ರಿಯಾಪದವಂತೂ ಮೂರು ಬೇರುಗಳ ಕಲಸುಮೇಲೋಗರ. ‘ಬಿ’ ಎಂಬುದು ‘ಭವತಿ’ಯ ಬಳಗ, ‘ಈಸ್’ ಎಂಬುದು ‘ಅಸ್ತಿ’ಯ ಬಳಗ, ‘ವಾಸ್’ ಎಂಬ ಭೂತಕಾಲದ ರೂಪವು ‘ವಸತಿ’ ಮತ್ತು ‘ನಿವಾಸ’ಗಳ ಮನೆತನಕ್ಕೆ ಸೇರಿದ್ದು.

ಉತ್ತರ 3 (ಔಂಧ್, ಪುಣೆ)

ಜರ್ಮನ್ ಕಲಿಯುವವರಿಗೆ ಪುಣೆಯಲ್ಲಿ ಕೊರತೆಯಿಲ್ಲವಾದ್ದರಿಂದ ಆ ದಾರಿಯಿಂದಲೂ ಸ್ವಲ್ಪ ಸೇರಿಸುತ್ತೇನೆ. ಜರ್ಮನ್ನಿನಲ್ಲಿ ಸಾಯುವುದಕ್ಕೆ ‘ಷ್ಟೆರ್ಬೆನ್’ ಎನ್ನುತ್ತಾರೆ. ಅದರ ಒಡಹುಟ್ಟಾದ ಇಂಗ್ಲಿಷಿನ ‘ಸ್ಟಾರ್ವ್’ಗೂ ಮೊದಲು ಸಾಯು ಎಂಬುದೇ ಅರ್ಥವಾಗಿತ್ತು. ‘ಡೈ’ ಎಂಬ ಪದವು ಬಹುಶಃ ಸ್ಕ್ಯಾಂಡಿನೇವಿಯಾದ ವೈಕಿಂಗರ ನಾರ್ಸ್ ಭಾಷೆಯಿಂದ ಬಂದು ಆ ಜಾಗವನ್ನು ಹಿಡಿದ ಮೇಲೆ, ‘ಸ್ಟಾರ್ವ್’ ಹಸಿವಿನಿಂದ ಸಾಯುವುದಕ್ಕೆ ಸೀಮಿತವಾಯಿತು. ಉತ್ತರ ಇಂಗ್ಲೆಂಡಿನ ಆಡುನುಡಿಯಲ್ಲಿ ಮಾತ್ರ ಚಳಿಯಿಂದ ಸಾಯುವುದಕ್ಕೂ ಅದು ಬಹುಕಾಲ ಉಳಿದಿತ್ತು.

ಆಗು ಎಂಬ ಅರ್ಥದ ಜರ್ಮನ್ ಪದ ‘ವೇರ್ಡೆನ್’. ತಿರುಗು ಎಂಬರ್ಥದ ಧಾತುವಿನಿಂದ ಹುಟ್ಟಿದ ಇದು ನಮ್ಮ ‘ಪರಿವರ್ತನೆ’ಯಲ್ಲಿರುವ ‘ವೃತ್’ ಧಾತುವಿನ ದಾಯಾದಿ. ಹಳೆಯ ಇಂಗ್ಲಿಷಿನಲ್ಲೂ ಇದೇ ಪದವಿತ್ತು. ಅದು ಮರೆಯಾದಾಗ, ಬಂದು ಸೇರು ಎಂಬರ್ಥದ ‘ಬಿಕಮ್’ ಅದರ ಕೆಲಸವನ್ನು ವಹಿಸಿಕೊಂಡಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಗಳು ‘ಕ್ವಿಕ್’ ಪದವನ್ನೇ ಹಿಡಿದು ಬರೆಯುವುದಾಗಿ ಹೇಳುತ್ತಿದ್ದಾಳೆ. ‘ಚೇಂಜ್’ ಎಂಬುದರ ಮೂಲವೇನು? ನಮ್ಮ ‘ಬದಲಾವಣೆ’ಗೂ ಅದಕ್ಕೂ ಏನಾದರೂ ನಂಟಿದೆಯೇ?

ಉತ್ತರ 2 ಬರೆದವರು

ರಕ್ತಸಂಬಂಧವಿಲ್ಲ. ‘ಚೇಂಜ್’ ಎಂಬುದು ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಕಾಂಬಿಯಾರೆ’ಯಿಂದ ಬಂದದ್ದು, ಅದರ ಅರ್ಥ ವಿನಿಮಯ ಮಾಡು. ‘ಬದಲು’ ಅರಬ್ಬಿಯಿಂದ ಪಾರಸಿಯ ಹಾದಿಯಲ್ಲಿ ನಮಗೂ ಮರಾಠಿಗೂ ಬಂದ ಪದ. ಒಂದರ ಜಾಗಕ್ಕೆ ಬರುವ ಇನ್ನೊಂದು ಎಂಬುದು ಅದರ ಮೂಲಾರ್ಥ. ಇನ್ನು ಅಚ್ಚ ದ್ರಾವಿಡ ಪದವನ್ನು ನೋಡಿದರೆ, ತಮಿಳಿನಲ್ಲಿ ‘ಮಾಱು’ ಎಂದರೆ ಬದಲಾಗು. ಅದೇ ಪದ ಕನ್ನಡದಲ್ಲಿ ಸರಕನ್ನು ಕೊಟ್ಟು ಹಣ ಪಡೆಯುವ ‘ಮಾರು’ ಆಗಿದೆ.