ಹೆಸರು ಬಾನೆಟ್ಟಿನ ಮೇಲೆ, ಯಜಮಾನ ಬೀದಿಯಲ್ಲಿ

ಜನರಲ್ ಮೋಟಾರ್ಸ್ ಕಂಪನಿಯನ್ನು ಹುಟ್ಟುಹಾಕಿದ ವಿಲಿಯಂ ಡ್ಯುರಾಂಟ್ ಮಹಾಪುರುಷನೋ ಮಹಾ ದುಂದುಗಾರನೋ ಎಂಬ ಪ್ರಶ್ನೆಯ ಮೇಲೆ, ಡೆಟ್ರಾಯಿಟಿನ ಹೊರವಲಯದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಸಣ್ಣ ಗುಂಪು ಎರಡು ಪಕ್ಷಗಳಾಗಿ ಒಡೆದಿದೆ. ಮಗನ ಮನೆಗೆ ಬಂದಿರುವ ಹಾಸನದ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ರಾಯರು ಒಂದು ಪಕ್ಷದ ನಾಯಕರಾದರೆ, ಮಗಳ ಮನೆಗೆ ಬಂದಿರುವ ನಿವೃತ್ತ ಇತಿಹಾಸದ ಮೇಷ್ಟರು ಇನ್ನೊಂದು ಪಕ್ಷದ ನಾಯಕರು. ರಾಯರ ಧರ್ಮಪತ್ನಿಯವರು ಯಾವ ಪಕ್ಷಕ್ಕೂ ಸೇರದೆ ಇಬ್ಬರ ಠೇವಣಿಯನ್ನೂ ಕಳೆಯುವ ಸ್ವತಂತ್ರ ಅಭ್ಯರ್ಥಿ. ಕಾರಿನ ಬಿಡಿಭಾಗ ಮಾಡುವ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿರುವ ರಾಯರ ಮಗ ಆಗಾಗ ತಾಂತ್ರಿಕ ಸಲಹೆ ಕೊಡಲು ಹೋಗಿ ಬೈಸಿಕೊಳ್ಳುತ್ತಾನೆ. ಅವಲಕ್ಕಿ ತಿನ್ನುತ್ತಾ ಕೇಳುವ ಸಾಮಾನ್ಯ ಮತದಾರನ ಪಾತ್ರ ನನ್ನದು.

“1886ರಲ್ಲಿ ಮಿಷಿಗನ್ನಿನ ಫ್ಲಿಂಟ್ ಊರಿನಲ್ಲಿ,” ಎಂದು ಮೇಷ್ಟರು ಪಾಠ ಆರಂಭಿಸಿದರು, “ಗೆಳೆಯನೊಬ್ಬನ ಎರಡು ಚಕ್ರದ ಕುದುರೆಗಾಡಿಯಲ್ಲಿ ಕುಳಿತ ಡ್ಯುರಾಂಟ್, ಅದು ಮೈ ಕುಲುಕಿಸದೆ ಸಾಗಿದ್ದನ್ನು ಕಂಡು ಬೆರಗಾಗಿ, ಅದನ್ನು ತಯಾರಿಸುತ್ತಿದ್ದ ಕೋಲ್ಡ್‌ವಾಟರ್ ಎಂಬ ಊರಿಗೆ ಹೋದ. ಒಂದು ಗಾಡಿ ಕೊಂಡು ಬರಲಿಲ್ಲ. 1,500 ಡಾಲರ್ ಕೊಟ್ಟು ಆ ವ್ಯವಹಾರವನ್ನೇ ಕೊಂಡು ಬಂದ.”

“ಹಣ ಎಲ್ಲಿಂದ ಬಂತು?” ರಾಯರು ಕೇಳಿದರು.

“ಫ್ಲಿಂಟಿನ ಬ್ಯಾಂಕೊಂದು 2,000 ಡಾಲರ್ ಸಾಲ ಕೊಟ್ಟಿತು.”

“ಅಲ್ಲಿಗೆ ರೋಗದ ಮೂಲ ಸಿಕ್ಕಿತು,” ಎಂದು ರಾಯರು ಕುರ್ಚಿಗೆ ಒರಗಿದರು.

ಮೇಷ್ಟರು ಬಿಡಲಿಲ್ಲ. ಡಲ್ಲಾಸ್ ಡಾರ್ಟ್ ಎಂಬ ಪಾಲುದಾರನ ಜತೆಗೂಡಿ ಡ್ಯುರಾಂಟ್ ಕೆಲವೇ ವರ್ಷಗಳಲ್ಲಿ ಅಮೆರಿಕದ ಅತಿ ದೊಡ್ಡ ಕುದುರೆಗಾಡಿ ತಯಾರಕರಲ್ಲಿ ಒಬ್ಬನಾದುದನ್ನೂ, ಆ ಕಾಲದಲ್ಲಿ ಅವನಿಗೆ ಮೋಟಾರು ವಾಹನವೆಂದರೆ ಸದ್ದು, ಹೊಗೆ, ಅಪಾಯ ಎಂಬ ಭಾವನೆಯಿದ್ದು ತನ್ನ ಮಗಳಿಗೂ ಅದನ್ನು ಹತ್ತಕೂಡದೆಂದು ಹೇಳಿದ್ದನೆಂಬ ಪ್ರತೀತಿಯನ್ನೂ ವಿವರಿಸಿದರು. ಅಂಥವನು 1904ರಲ್ಲಿ, ಸಾಲದಲ್ಲಿ ಮುಳುಗಿದ್ದ ಬ್ಯೂಕ್ ಕಂಪನಿಯ ಕಾರೊಂದನ್ನು ಫ್ಲಿಂಟಿನ ಕೆಟ್ಟ ರಸ್ತೆಗಳಲ್ಲಿ ಓಡಿಸಿ ನೋಡಿ, ಆ ಕಂಪನಿಯ ಹೊಣೆ ಹೊತ್ತುಕೊಂಡ.

“ಬ್ಯೂಕ್ ಎನ್ನುವುದು ಮನುಷ್ಯನ ಹೆಸರೇ?” ಎಂದರು ರಾಯರ ಪತ್ನಿ.

“ಹೌದಮ್ಮ, ಡೇವಿಡ್ ಬ್ಯೂಕ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಡೆಟ್ರಾಯಿಟಿನಲ್ಲಿ ನಲ್ಲಿ ಕೊಳಾಯಿಗಳ ಸಾಮಾನು ಮಾಡುತ್ತಾ, ಎರಕದ ಕಬ್ಬಿಣದ ಸ್ನಾನದ ತೊಟ್ಟಿಗೆ ಬಿಳಿ ಎನಾಮೆಲ್ ಹಚ್ಚುವ ವಿಧಾನದಲ್ಲಿ ಹೆಸರು ಮಾಡಿದವನು. ಅದರಲ್ಲಿ ಬಂದ ಹಣವನ್ನೆಲ್ಲ ಎಂಜಿನ್ನಿಗೆ ಸುರಿದ. ಕಂಪನಿ ಬೆಳೆಯುವ ಹೊತ್ತಿಗೆ ಅವನು ಹೊರಗಿದ್ದ. 1929ರಲ್ಲಿ ತೀರಿಕೊಳ್ಳುವ ಕಾಲಕ್ಕೆ ಬ್ಯೂಕ್ ಕಾರು ಕೊಳ್ಳುವ ಶಕ್ತಿ ಬ್ಯೂಕನಿಗೇ ಇರಲಿಲ್ಲ.”

“ತೊಟ್ಟಿಗೆ ಬಣ್ಣ ಹಚ್ಚಿಕೊಂಡು ಇರಬಹುದಿತ್ತಲ್ಲ, ಪಾಪ,” ಎಂದು ಆಕೆ ನಿಟ್ಟುಸಿರುಬಿಟ್ಟರು. ಈ ಮಾತಿಗೆ ಎರಡೂ ಪಕ್ಷಗಳಲ್ಲಿ ಉತ್ತರವಿರಲಿಲ್ಲ.

1908ರ ಸೆಪ್ಟೆಂಬರ್ 16ರಂದು ಡ್ಯುರಾಂಟ್ ನ್ಯೂಜೆರ್ಸಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿಯನ್ನು ನೋಂದಾಯಿಸಿದಾಗ ತೋರಿಸಿದ ಬಂಡವಾಳ 2,000 ಡಾಲರ್ ಎಂದು ಮೇಷ್ಟರು ಹೇಳಿದೊಡನೆ ಆಕೆ, “ಮತ್ತೆ ಅದೇ ಎರಡು ಸಾವಿರವೇ? ಆ ಮನುಷ್ಯನಿಗೆ ಬೇರೆ ಅಂಕಿ ಬರುತ್ತಿರಲಿಲ್ಲವೇ?” ಎಂದರು. ಬರುತ್ತಿತ್ತು ಎನ್ನುವುದೇ ಮುಂದಿನ ತೊಂದರೆಗೆ ಕಾರಣ. ಷೇರು ಅಚ್ಚು ಹಾಕಿಸಿ, ಆ ಷೇರನ್ನೇ ಹಣದ ಬದಲು ಕೊಟ್ಟು, ಡ್ಯುರಾಂಟ್ ಒಂದಾದ ಮೇಲೊಂದು ಕಂಪನಿಯನ್ನು ಕೊಳ್ಳತೊಡಗಿದ. ಬ್ಯೂಕ್ ಆಯಿತು, ಓಲ್ಡ್ಸ್‌ಮೊಬೀಲ್ ಆಯಿತು, ಓಕ್‌ಲ್ಯಾಂಡ್ ಆಯಿತು, ಕ್ಯಾಡಿಲಾಕ್ ಆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ರಾಯರೂ ಅವನನ್ನು ಮೆಚ್ಚುತ್ತಿದ್ದರೇನೋ. ಆದರೆ ಸಂತೆಗೆ ಎತ್ತು ಕೊಳ್ಳಲು ಹೋದವನು ಗಾಡಿಯನ್ನೂ, ಗಾಣವನ್ನೂ, ಗಾಣದವನ ನಾಯಿಯನ್ನೂ ಹಿಡಿದುಕೊಂಡು ಬಂದ ಹಾಗೆ, ಹಲ್ಲುಚಕ್ರಗಳ ಬದಲು ಘರ್ಷಣೆಯಿಂದ ಚಕ್ರ ತಿರುಗಿಸುವ ಕಾರ್ಟರ್‌ಕಾರ್ ಎಂಬ ಕಂಪನಿಯನ್ನೂ, ಎರಡು ಸ್ಟ್ರೋಕಿನ ಎಂಜಿನ್ನಿನ ಎಲ್ಮೋರ್ ಎಂಬುದನ್ನೂ, ಮುಂದೆ ಇವೇ ಓಡಿದರೂ ಓಡಬಹುದೆಂದು ಕೊಂಡ. ಹೀನಿ ಎಂಬ ವಿದ್ಯುದ್ದೀಪದ ಕಂಪನಿಗೆ, ಬಹುಪಾಲು ಷೇರುಗಳ ರೂಪದಲ್ಲಿ, ಸುಮಾರು 70 ಲಕ್ಷ ಡಾಲರ್ ಕೊಟ್ಟ. ಅದರ ಪೇಟೆಂಟಿನಲ್ಲೇ ಮೋಸವಿತ್ತು.

“ಕ್ಯಾಡಿಲಾಕಿನ ಕಥೆ ಇನ್ನೂ ಸ್ವಾರಸ್ಯವಾಗಿದೆ,” ಎಂದು ಮಗ ನಡುವೆ ಬಾಯಿ ಹಾಕಿದ. ಹೆನ್ರಿ ಫೋರ್ಡ್ 1901ರಲ್ಲಿ ತನ್ನ ಹೆಸರಿನಲ್ಲೇ ಕಟ್ಟಿದ್ದ ಕಂಪನಿಯನ್ನು ಬಂಡವಾಳ ಹೂಡಿದವರ ಮೇಲೆ ಮುನಿಸಿಕೊಂಡು ಮರುವರ್ಷವೇ ಬಿಟ್ಟುಹೋದಾಗ, ಅದರ ಆಸ್ತಿಗೆ ಬೆಲೆ ಕಟ್ಟಲು ಕರೆಸಿದ್ದ ಹೆನ್ರಿ ಲೀಲಂಡ್ ಎಂಬ ನಿಷ್ಠುರ ಯಂತ್ರಕುಶಲಿ, ಮುಚ್ಚುವುದು ಬೇಡ, ನನ್ನ ಬಳಿ ಒಳ್ಳೆಯ ಎಂಜಿನ್ ಇದೆ ಎಂದು ಹೇಳಿ ಅದನ್ನೇ ಕ್ಯಾಡಿಲಾಕ್ ಮಾಡಿದ. ಡ್ಯುರಾಂಟ್ ಅದನ್ನು ಕೊಳ್ಳಲು ಹೋದಾಗ ಲೀಲಂಡ್ ಷೇರು ಬೇಡ, ನಗದು ತನ್ನಿ ಎಂದ. ಮೊದಲು 35 ಲಕ್ಷ ಡಾಲರ್ ಇದ್ದ ಬೆಲೆ, ಇವನು ಹಣ ಹೊಂದಿಸಿಕೊಂಡು ಬರುವಷ್ಟರಲ್ಲಿ ಏರುತ್ತಾ ಹೋಗಿ 1909ರಲ್ಲಿ 45 ಲಕ್ಷ ಮುಟ್ಟಿತು. ಲೀಲಂಡ್ ಮುಂದೆ 1917ರಲ್ಲಿ ಡ್ಯುರಾಂಟನ ಜತೆ ಜಗಳವಾಡಿ ಹೊರಬಂದು ಲಿಂಕನ್ ಕಂಪನಿ ಕಟ್ಟಿದ. ಅದು ಸೋತು 1922ರಲ್ಲಿ ಹರಾಜಿಗೆ ಬಂದಾಗ ಕೊಂಡವನು ಅದೇ ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ಲೀಲಂಡ್ ಅಲ್ಲಿಂದಲೂ ಹೊರಬಿದ್ದ.

“ಲೆಕ್ಕ ಚುಕ್ತಾ,” ಎಂದರು ರಾಯರು, ಬಹಳ ಹೊತ್ತಿನ ಮೇಲೆ ಸಂತೋಷದಿಂದ.

ಆದರೆ ಆ ಸಂತೋಷವನ್ನು ಮೇಷ್ಟರು ಹೆಚ್ಚು ಹೊತ್ತು ಉಳಿಯಗೊಡಲಿಲ್ಲ. 1909ರಲ್ಲಿ ಡ್ಯುರಾಂಟ್ ಫೋರ್ಡ್ ಕಂಪನಿಯನ್ನೂ 80 ಲಕ್ಷ ಡಾಲರಿಗೆ ಕೊಳ್ಳಲು ಮಾತಾಡಿದ್ದ, ಫೋರ್ಡ್ ಮಾರಲು ಸಿದ್ಧನಿದ್ದ, ಆದರೆ ಮುಂಗಡವಾಗಿ 20 ಲಕ್ಷವನ್ನು ನಗದಾಗಿಯೇ ಕೊಡಬೇಕೆಂದ. ಡ್ಯುರಾಂಟ್ ನ್ಯೂಯಾರ್ಕಿನ ಬ್ಯಾಂಕಿನವರ ಮುಂದೆ ಕೈಚಾಚಿದಾಗ, ಫೋರ್ಡ್ ಕಂಪನಿಗೆ ಅಷ್ಟು ಬೆಲೆಯಿಲ್ಲ ಎಂದು ಅವರು ಸಾಲ ನಿರಾಕರಿಸಿದರು. “ಆಗ ಮಾಡೆಲ್ ಟಿ ಮಾರುಕಟ್ಟೆಗೆ ಬಂದು ಸುಮಾರು ಒಂದು ವರ್ಷವಾಗಿತ್ತು, ರಾಯರೇ. ಆ ಕಾರು 1927ರವರೆಗೆ 1.5 ಕೋಟಿ ಮಾರಾಟವಾಯಿತು. ನಿಮ್ಮ ವೃತ್ತಿಬಾಂಧವರ ದೂರದೃಷ್ಟಿ ಇದು.”

ರಾಯರು ಒಂದು ಗುಟುಕು ಕಾಫಿ ಕುಡಿದು, ಸಾಲ ಕೊಡದೆ ಕಳೆದುಕೊಂಡದ್ದನ್ನು ಯಾವ ಆಡಿಟರೂ ಕೇಳುವುದಿಲ್ಲ, ಕೊಟ್ಟು ಕಳೆದುಕೊಂಡದ್ದನ್ನು ಮಾತ್ರ ಕೇಳುತ್ತಾನೆ ಎಂಬ ವೃತ್ತಿರಹಸ್ಯವನ್ನು ಹೊರಗೆಡಹಿದರು. ತಮ್ಮ ವಾದಕ್ಕೆ ಸಾಕ್ಷಿಯಾಗಿ ಮರುವರ್ಷದ ಘಟನೆಯನ್ನು ಮುಂದಿಟ್ಟರು: 1910ರಲ್ಲಿ ಜನರಲ್ ಮೋಟಾರ್ಸಿಗೆ ಕೂಲಿ ಕೊಡಲು ಕೂಡ ಕಾಸಿಲ್ಲದ ಸ್ಥಿತಿ ಬಂದಾಗ ಬ್ಯಾಂಕುಗಳ ಕೂಟವೊಂದು 1.5 ಕೋಟಿ ಡಾಲರ್ ಸಾಲಕ್ಕೆ ಪತ್ರ ಬರೆಸಿಕೊಂಡು, ಅದಕ್ಕಿಂತ ಕಡಿಮೆ ಹಣವನ್ನು ಕೈಗೆ ಕೊಟ್ಟು, ಐದು ವರ್ಷ ಕಂಪನಿಯ ಆಡಳಿತ ತಮ್ಮದೆಂದು ಷರತ್ತು ಹಾಕಿ ಡ್ಯುರಾಂಟನನ್ನು ಯಜಮಾನಿಕೆಯಿಂದ ಇಳಿಸಿತು. “ಇದಪ್ಪಾ ಬ್ಯಾಂಕಿಂಗ್!” ಎಂದು ರಾಯರು ತೊಡೆ ತಟ್ಟಿದ ರಭಸಕ್ಕೆ ಕಾಫಿ ಚೆಲ್ಲಿತು.

ಕೈಯಲ್ಲಿದ್ದ ಕಂಪನಿ ಹೋಯಿತೆಂದು ಸುಮ್ಮನೆ ಕೂರುವ ಜಾತಿ ಡ್ಯುರಾಂಟನದಲ್ಲ. ಬ್ಯೂಕ್ ಪರವಾಗಿ ರೇಸಿಗೆ ಹೋಗುತ್ತಿದ್ದ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲೂಯಿ ಷೆವರ್ಲೆಯನ್ನು ಹಿಡಿದು 1911ರ ನವೆಂಬರಿನಲ್ಲಿ ಅವನ ಹೆಸರಿನಲ್ಲೇ ಹೊಸ ಕಂಪನಿ ತೆರೆದ. ಲೂಯಿಗೆ ದೊಡ್ಡ, ಗಟ್ಟಿ, ದುಬಾರಿ ಕಾರು ಬೇಕಿತ್ತು. ಡ್ಯುರಾಂಟನಿಗೆ ಅಗ್ಗದ ಕಾರು. ಇದರ ಜತೆಗೆ ಲೂಯಿಯ ತುಟಿಯಂಚಿನಲ್ಲಿ ಸದಾ ಜೋತಾಡುತ್ತಿದ್ದ ಸಿಗರೇಟು ಕಂಪನಿಯ ಘನತೆಗೆ ತಕ್ಕದ್ದಲ್ಲ, ಚುಟ್ಟಾ ಸೇದು ಎಂದು ಡ್ಯುರಾಂಟ್ ಉಪದೇಶಿಸಿದ್ದೂ, ಕಾರು ಮಾರಿದ್ದೇನೆ, ಹೆಸರು ಮಾರಿದ್ದೇನೆ, ನನ್ನನ್ನೇ ಮಾರಿಕೊಂಡಿಲ್ಲ ಎಂದು ಲೂಯಿ ಸಿಡಿದು ಹೊರಟುಹೋದದ್ದೂ ಡೆಟ್ರಾಯಿಟಿನ ಜನಪ್ರಿಯ ದಂತಕಥೆ. ಕಾರಣ ಸಿಗರೇಟೇ ಇರಲಿ, ಕಾರೇ ಇರಲಿ, ಅವನು 1913ರಲ್ಲಿ ಬಿಟ್ಟುಹೋದದ್ದು ನಿಜ. ಮುಂದಿನ ಆರ್ಥಿಕ ಕುಸಿತದ ಕಾಲದಲ್ಲಿ ಅದೇ ಷೆವರ್ಲೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ದುಡಿದದ್ದೂ ನಿಜ.

“ಗೇಟಿನಲ್ಲಿ ಹೆಸರು ಕೇಳಿದರೆ ಏನೆಂದು ಹೇಳುತ್ತಿದ್ದನೋ?” ಎಂದು ಅಮ್ಮನವರು ಕೇಳಿದ್ದಕ್ಕೆ ನನಗೆ ಅವಲಕ್ಕಿ ನೆತ್ತಿಗೇರಿತು.

ಆ ಕಾರಿನ ಮುಂದಿರುವ ಬಿಲ್ಲುಗಂಟಿನ (ಬೋ ಟೈ) ಲಾಂಛನದ ವಿಷಯದಲ್ಲಂತೂ ಮೇಷ್ಟರಿಗೆ ಹುರುಪು ಹೆಚ್ಚು. ಪ್ಯಾರಿಸಿನ ಹೋಟೆಲಿನ ಗೋಡೆಕಾಗದದಲ್ಲಿ ಅದನ್ನು ಕಂಡು ಒಂದು ತುಂಡು ಹರಿದಿಟ್ಟುಕೊಂಡೆ ಎಂಬುದು ಡ್ಯುರಾಂಟನ ಹೇಳಿಕೆ. ವರ್ಜೀನಿಯಾದ ಹಾಟ್ ಸ್ಪ್ರಿಂಗ್ಸಿಗೆ ಹೋಗಿದ್ದಾಗ ಪತ್ರಿಕೆಯ ಜಾಹೀರಾತೊಂದರಲ್ಲಿ ಸಿಕ್ಕಿದ್ದೆಂದು ಹೆಂಡತಿಯ ಹೇಳಿಕೆ. ರಾತ್ರಿ ಊಟದ ಮೇಜಿನ ಮೇಲೆ ಗೀಚುತ್ತಾ ಕುಳಿತಾಗ ಹುಟ್ಟಿದ್ದೆಂದು ಮಗಳ ಹೇಳಿಕೆ. “ಒಂದೇ ಮನೆಯಿಂದ ಮೂರು ಆಧಾರಗಳು! ಇತಿಹಾಸಕಾರ ಏನು ಮಾಡಬೇಕು?” ಎಂದು ಮೇಷ್ಟರು ಕೇಳಿದರೆ, “ಹೆಂಡತಿಯದನ್ನು ಒಪ್ಪಬೇಕು,” ಎಂದು ಅಮ್ಮನವರು ತೀರ್ಪು ಕೊಟ್ಟರು. ರಾಯರು ಮೇಲ್ಮನವಿ ಸಲ್ಲಿಸಲಿಲ್ಲ.

ಷೆವರ್ಲೆ ಚೆನ್ನಾಗಿ ಮಾರಾಟವಾಯಿತು. ಡ್ಯುರಾಂಟ್ ಐದು ಷೆವರ್ಲೆ ಷೇರಿಗೆ ಒಂದು ಜನರಲ್ ಮೋಟಾರ್ಸ್ ಷೇರಿನಂತೆ ಸದ್ದಿಲ್ಲದೆ ಬದಲಾಯಿಸಿಕೊಳ್ಳುತ್ತಾ ಹೋಗಿ, 1916ರಲ್ಲಿ ಮತ್ತೆ ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತ. ಅಂದರೆ ಚಿಕ್ಕ ಷೆವರ್ಲೆಯೇ ಆಗ ದೊಡ್ಡ ಜನರಲ್ ಮೋಟಾರ್ಸಿನ ಒಡತಿ. ಇದನ್ನು ಇನ್ನೊಮ್ಮೆ ಹೇಳಿ ಎಂದು ಅಮ್ಮನವರು ಕೇಳಿ, ಎರಡನೇ ಸಲ ಕೇಳಿದ ಮೇಲೆ, ಕಾನೂನು ಇದಕ್ಕೆ ಒಪ್ಪುತ್ತದೆಯೇ ಎಂದು ಗಂಡನನ್ನು ನೋಡಿದರು. ಒಪ್ಪುತ್ತದೆ, ಅದೇ ದುಃಖ ಎಂದರು ರಾಯರು.

ಎರಡನೇ ಆಳ್ವಿಕೆಯಲ್ಲಿಯೂ ಚಟ ಬಿಡಲಿಲ್ಲ. ಶೀತಕಪೆಟ್ಟಿಗೆ ಮಾಡುವ ಬಡಕಲು ಕಂಪನಿಯೊಂದನ್ನು ಕೊಂಡು ಅದಕ್ಕೆ ಫ್ರಿಜಿಡೇರ್ ಎಂದು ಹೆಸರಿಟ್ಟ. ಕಾರಿನ ಕಂಪನಿಗೆ ಫ್ರಿಜ್ಜೇಕೆ ಎಂದು ನಗುವವರಿಗೆ, ಅದನ್ನು ಜನರಲ್ ಮೋಟಾರ್ಸ್ 1979ರವರೆಗೂ ನಡೆಸಿತೆಂದು ಮೇಷ್ಟರು ನೆನಪಿಸುತ್ತಾರೆ. ಆದರೆ 1920ರಲ್ಲಿ ಪೇಟೆ ಕುಸಿದು ಕಂಪನಿಯ ಷೇರು ಇಳಿಯತೊಡಗಿದಾಗ, ಅದರ ಬೆಲೆಯನ್ನು ತಾನೊಬ್ಬನೇ ಎತ್ತಿ ಹಿಡಿಯುತ್ತೇನೆಂದು ಡ್ಯುರಾಂಟ್ ಸಾಲ ಮಾಡಿ ಷೇರು ಕೊಳ್ಳುತ್ತಾ ಹೋದ. ಕೋಟಿಗಟ್ಟಲೆ ಡಾಲರ್ ಸಾಲವಾಯಿತು. ರಾಸಾಯನಿಕ ಉದ್ಯಮದ ಡ್ಯುಪಾಂಟ್ ಮನೆತನವೂ ಮಾರ್ಗನ್ ಬ್ಯಾಂಕೂ ಸೇರಿ ಅದನ್ನು ತೀರಿಸಿ ಅವನನ್ನು ಎರಡನೇ ಬಾರಿ, ಇನ್ನು ಬಾರದಂತೆ, ಹೊರಗೆ ಕಳುಹಿಸಿದವು. ಮರುವರ್ಷವೇ ತನ್ನ ಹೆಸರಿನಲ್ಲಿ ಮತ್ತೊಂದು ಕಾರು ಕಂಪನಿ ತೆರೆದ, ಅದೂ ಮುಳುಗಿತು. 1936ರಲ್ಲಿ ದಿವಾಳಿಯಾಗಿ, ಇಳಿವಯಸ್ಸಿನಲ್ಲಿ ಅದೇ ಫ್ಲಿಂಟಿನಲ್ಲಿ ಬೌಲಿಂಗ್ ಆಟದ ಅಂಗಳವೊಂದನ್ನು ನಡೆಸುತ್ತಿದ್ದ.

ಇಲ್ಲಿಂದ ಮುಂದೆ ಮಾತು ರಾಯರ ಹಕ್ಕಿನ ಭೂಮಿ. 1923ರಲ್ಲಿ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್, ರಾಯರ ಪ್ರಕಾರ, ಅಮೆರಿಕದಲ್ಲಿ ಹುಟ್ಟಿದರೂ ಮನಸ್ಸಿನಲ್ಲಿ ಬ್ಯಾಂಕಿನವನು. ಡ್ಯುರಾಂಟ್ ಗುಡ್ಡೆ ಹಾಕಿದ್ದ ಕಂಪನಿಗಳನ್ನು ಬೆಲೆಯ ಮೆಟ್ಟಿಲುಗಳಂತೆ ಜೋಡಿಸಿ, ಕೆಳಗೆ ಷೆವರ್ಲೆ, ಮೇಲೆ ಕ್ಯಾಡಿಲಾಕ್, ಸಂಬಳ ಏರಿದಂತೆ ಗಿರಾಕಿಯೂ ಏರಬೇಕು ಎಂಬ ವ್ಯವಸ್ಥೆ ಮಾಡಿದ. ಫೋರ್ಡ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪು ಬಣ್ಣಕ್ಕೇ ಅಂಟಿಕೊಂಡಿದ್ದಾಗ, ಡ್ಯುಪಾಂಟಿನವರ ಬೇಗ ಒಣಗುವ ಹೊಸ ಬಣ್ಣವನ್ನು ಓಕ್‌ಲ್ಯಾಂಡಿಗೆ ಬಳಿದು ನೀಲಿ ಕಾರು ತೋರಿಸಿದ. ವರ್ಷವರ್ಷವೂ ರೂಪ ಬದಲಾಯಿಸಿದರೆ ಕಳೆದ ವರ್ಷದ ಕಾರು ನೆರೆಯವನ ಮುಂದೆ ಹಳತಾಗಿ ಕಾಣುತ್ತದೆಂಬ ಸೂಕ್ಷ್ಮವನ್ನು ಕಂಡುಕೊಂಡ. “ಜತೆಗೆ ಕಂತಿನ ಸಾಲ! ಫೋರ್ಡ್ ಮಹಾಶಯ ವಾರಕ್ಕೆ ಐದು ಡಾಲರ್ ಕೂಡಿಡಿ, ಹಣ ತುಂಬಿದ ಮೇಲೆ ಕಾರು ಒಯ್ಯಿರಿ ಎನ್ನುತ್ತಿದ್ದಾಗ, ಇವರು ಕಾರು ಒಯ್ಯಿರಿ, ಹಣ ಆಮೇಲೆ ತುಂಬಿರಿ ಎಂದರು. ಸ್ಲೋನನ ಈ ಜಾಣತನಕ್ಕೆ ನಮಸ್ಕಾರ ಹಾಕಬೇಕು,” ಎಂದರು ರಾಯರು.

“ಆ ಸಾಲದ ಸಂಸ್ಥೆ ಶುರುವಾದದ್ದು 1919ರಲ್ಲಿ, ರಾಯರೇ. ಆಗ ಅಧ್ಯಕ್ಷನಾಗಿದ್ದವನು ಡ್ಯುರಾಂಟ್,” ಎಂದರು ಮೇಷ್ಟರು, ಮೆಲ್ಲನೆ. ಅಷ್ಟೇ ಅಲ್ಲ, ಸ್ಲೋನನ ಬೇರಿಂಗ್ ಕಾರ್ಖಾನೆಯನ್ನು ಕೊಂಡು ಸ್ಲೋನನನ್ನು ಒಳಗೆ ತಂದವನೂ ಡ್ಯುರಾಂಟನೇ. ಮೆಟ್ಟಿಲು ಜೋಡಿಸಿದವನು ಸ್ಲೋನ್ ಇರಬಹುದು, ಕಲ್ಲು ಹೊತ್ತವನು ಯಾರು ಎಂದು ಅವರು ಕೇಳಿದಾಗ ರಾಯರು ಕನ್ನಡಕ ಒರೆಸಿಕೊಂಡರು. ನನ್ನ ಮತ ಇಲ್ಲಿ ಮೇಷ್ಟರಿಗೆ. ಆದರೂ 1931ರಿಂದ 2007ರವರೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಕಾರು ಮಾರಿದ ಕಂಪನಿಯಾಗಿ ಅದು ಉಳಿದದ್ದರಲ್ಲಿ ಸ್ಲೋನನ ಲೆಕ್ಕದ ಪುಸ್ತಕಕ್ಕೆ ಪಾಲಿಲ್ಲವೆಂದು ನಾನೂ ಹೇಳಲಾರೆ. ಭಾರತದಲ್ಲಿಯೂ ಅವರು 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸತೊಡಗಿದ್ದರು; 2017ರಲ್ಲಿ ಅಲ್ಲಿ ಮಾರಾಟ ನಿಲ್ಲಿಸಿದ ಮೇಲೂ ಬೆಂಗಳೂರಿನ ತಾಂತ್ರಿಕ ಕೇಂದ್ರವನ್ನು ಉಳಿಸಿಕೊಂಡರು. ಕಾರು ಬೇಡವಾದರೂ ನಮ್ಮ ಎಂಜಿನಿಯರುಗಳು ಬೇಕು ಎಂದು ರಾಯರ ಮಗ ಕಾಲರ್ ಎತ್ತಿಕೊಂಡ.

ಲೆಕ್ಕದ ಪುಸ್ತಕದಲ್ಲಿ ಬರೆಯಲು ಮರೆತವರು ಕಾರ್ಮಿಕರು. 1936ರ ಡಿಸೆಂಬರ್ 30ರಂದು ಫ್ಲಿಂಟಿನ ಕಾರ್ಖಾನೆಗಳಲ್ಲಿ ಅವರು ಹೊರಗೆ ಬಂದು ಘೋಷಣೆ ಕೂಗುವ ಬದಲು ಯಂತ್ರಗಳ ಪಕ್ಕದಲ್ಲೇ ಕುಳಿತುಬಿಟ್ಟರು. ಅಶ್ರುವಾಯುವಿನೊಡನೆ ನುಗ್ಗಿದ ಪೊಲೀಸರ ಮೇಲೆ ಕಾರಿನ ಬಾಗಿಲ ಕೀಲುಗಳನ್ನು ಎಸೆದು, ನೀರು ಹಾರಿಸಿ, 44 ದಿನ ಕದಲದೆ ಕುಳಿತು, ಕೊನೆಗೆ ಕಂಪನಿ ಸಂಘವನ್ನು ಮಾನ್ಯ ಮಾಡುವಂತೆ ಮಾಡಿದರು. ಕುಳಿತೇ ಗೆದ್ದ ಯುದ್ಧ ಇದೊಂದೇ ಇರಬೇಕು ಎಂದು ಮೇಷ್ಟರು ಹೇಳಿದರೆ, ಅಮ್ಮನವರು ಕುಳಿತೇ ಇದ್ದ ನಮ್ಮ ನಾಲ್ವರನ್ನೂ ಒಮ್ಮೆ ನೋಡಿ, ಏನೂ ಹೇಳದೆ ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಆಕೆ ಮರಳಿ ಬರುವ ಹೊತ್ತಿಗೆ ಮಾತು 2008ಕ್ಕೆ ಬಂದಿತ್ತು. ಪೆಟ್ರೋಲಿನ ಬೆಲೆ ಏರಿ, ಸಾಲದ ಪೇಟೆ ಕುಸಿದು, ನಿವೃತ್ತರ ಪಿಂಚಣಿ ಮತ್ತು ಆರೋಗ್ಯ ವೆಚ್ಚದ ಹೊರೆಯಿಂದ ಸೊಂಟ ಬಾಗಿದ್ದಾಗ, ಡೆಟ್ರಾಯಿಟಿನ ಮೂರು ಕಂಪನಿಗಳ ಮುಖ್ಯಸ್ಥರು ನವೆಂಬರಿನಲ್ಲಿ ವಾಷಿಂಗ್ಟನ್ನಿಗೆ ಸಹಾಯ ಬೇಡಲು ಹೋದರು. ಮೂವರೂ ಹೋದದ್ದು ಕಂಪನಿಯ ಸ್ವಂತ ವಿಮಾನಗಳಲ್ಲಿ, ಬೇರೆಬೇರೆಯಾಗಿ. ಸಂಸದರು ಚೆನ್ನಾಗಿ ಛೀಮಾರಿ ಹಾಕಿದ ಮೇಲೆ, ಡಿಸೆಂಬರಿನಲ್ಲಿ ಎರಡನೇ ಸಲ ತಮ್ಮ ತಮ್ಮ ಕಾರುಗಳಲ್ಲಿ ಹೋದರು. “ಮೊದಲ ಸಲ ತಮ್ಮ ಕಾರು ಅಷ್ಟು ದೂರ ಹೋಗುತ್ತದೆಂಬ ನಂಬಿಕೆ ಇರಲಿಲ್ಲವೇನೋ,” ಎಂದರು ಅಮ್ಮನವರು.

2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ನಲವತ್ತು ದಿನಗಳಲ್ಲಿ ಹೊಸ ರೂಪದಲ್ಲಿ ಹೊರಬಂದಾಗ ಅದರ ಸುಮಾರು 60 ಪ್ರತಿಶತ ಅಮೆರಿಕ ಸರ್ಕಾರದ್ದಾಗಿತ್ತು. ಓಕ್‌ಲ್ಯಾಂಡಿನ ಮನೆಯಲ್ಲಿ ಹುಟ್ಟಿ ಬೆಳೆದಿದ್ದ ಪಾಂಟಿಯಾಕ್ ಮಾಯವಾಯಿತು. ಓಲ್ಡ್ಸ್‌ಮೊಬೀಲ್ 2004ರಲ್ಲೇ ತೀರಿಕೊಂಡಿತ್ತು. 2013ರ ಡಿಸೆಂಬರಿನಲ್ಲಿ ಸರ್ಕಾರ ಕೊನೆಯ ಷೇರು ಮಾರಿದಾಗ, ಕೊಟ್ಟ ಹಣದಲ್ಲಿ 1,000 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ವಾಪಸು ಬಾರದೆ ಮುಳುಗಿಹೋಯಿತು ಎಂದು ಮಗ ಹೇಳಿದಾಗ ರಾಯರು ಎದೆ ಹಿಡಿದುಕೊಂಡರು. ಕಂಪನಿ ಮುಳುಗಿದ್ದರೆ ಬಿಡಿಭಾಗ ಮಾಡುವ ನಮ್ಮಂಥ ಸಂಸ್ಥೆಗಳೂ ಮುಳುಗುತ್ತಿದ್ದವು ಅಪ್ಪ, ಎಂದು ಅವನು ಸಮಾಧಾನ ಹೇಳಿದ.

“ಆ ಸಾವಿರ ಕೋಟಿ ಯಾರ ದುಡ್ಡು?” ಎಂದು ಅಮ್ಮನವರು ಕೇಳಿದರು.

“ಇಲ್ಲಿ ತೆರಿಗೆ ಕಟ್ಟುವವರದು, ಅಮ್ಮ.”

“ಹಾಗಾದರೆ ನಿನ್ನದೂ ಇದೆ. ಹಣ ಇವರಿಗೆ ಕೊಟ್ಟು, ಹೊರಗೆ ನಿಲ್ಲಿಸಿರುವ ಕಾರು ಮಾತ್ರ ಜಪಾನಿನವರದ್ದೇಕೆ ತಂದೆ?”

ಅದರ ಕಂತು ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ನೋಡೋಣ ಎಂದು ಮಗ ತಡವರಿಸುತ್ತಿದ್ದಂತೆ ರಾಯರು ಎದೆಯ ಮೇಲಿನ ಕೈ ತೆಗೆದು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಕೇಳಿದರು: “ಬಡ್ಡಿ ಎಷ್ಟು?”