ಬೆಳೆ ರೋಗದ ಶಿಲೀಂಧ್ರಗಳ ಮೇಲೆ ಪಿಎಚ್‌.ಡಿ. ಶುರು ಮಾಡುತ್ತಿದ್ದೇನೆ, ಎಲ್ಲಿಂದ ಹಿಡಿಯಲಿ? ಅನುಭವ ಇದ್ದವರು ಹೇಳಿ

ಕೇಳಿದವರು (ಜಗಳೂರು ಕಡೆಯವರು)

ನಮಸ್ಕಾರ. ದಾವಣಗೆರೆಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮುಗಿಸಿ ಈಗ ಪಿಎಚ್‌.ಡಿ.ಗೆ ಸೇರುತ್ತಿದ್ದೇನೆ. ಬೆಳೆಗೆ ರೋಗ ತರುವ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಆಸೆ. ಮನೆಯಲ್ಲಿ ಮೆಕ್ಕೆಜೋಳ, ಶೇಂಗಾ ಹಾಕುತ್ತಾರೆ. ಲ್ಯಾಬಿನಲ್ಲಿ ಆಟೋಕ್ಲೇವ್, ಲ್ಯಾಮಿನಾರ್, ಒಂದು ಮೈಕ್ರೋಸ್ಕೋಪ್ ಇದೆ. ಅದಕ್ಕಿಂತ ದೊಡ್ಡದು ಏನೂ ಇಲ್ಲ. ವಿಷಯ ಹೇಗೆ ಆರಿಸಬೇಕು? ಮೊದಲ ವರ್ಷ ಏನು ಮಾಡಬೇಕು? ಮುಂದೆ ಹೊಟ್ಟೆಪಾಡಿಗೆ ದಾರಿ ಇದೆಯಾ? ಈ ದಾರಿಯಲ್ಲಿ ಹೋದವರು ಬಿಚ್ಚಿ ಹೇಳಿ.

ಚಳ್ಳಕೆರೆಯಿಂದ, ಶೇಂಗಾ ರೋಗದ ಮೇಲೆ ಪಿಎಚ್‌.ಡಿ. ಮಾಡಿದವರು

ವಿಷಯ ಆರಿಸುವ ಮುಂಚೆ ಊರಿಗೆ ಹೋಗಿ ಹೊಲ ಸುತ್ತಿ. ನಮ್ಮಲ್ಲಿ ಬಹಳ ಜನ ಮೊದಲು ತಲೆಬರಹ ಬರೆದು ಗೈಡ್ ಹತ್ತಿರ ಸಹಿ ಹಾಕಿಸುತ್ತಾರೆ. ಆಮೇಲೆ ರೋಗ ಹುಡುಕಿಕೊಂಡು ಹೊರಡುತ್ತಾರೆ. ಆ ವರ್ಷ ಮಳೆ ಕೈಕೊಟ್ಟರೆ ರೋಗವೇ ಇರುವುದಿಲ್ಲ! ಚಳ್ಳಕೆರೆ, ಮೊಳಕಾಲ್ಮೂರು, ನಿಮ್ಮ ಜಗಳೂರು, ಎಲ್ಲ ಮಳೆ ನೆರಳಿನ ಸೀಮೆ ಅಲ್ವಾ. ಒಂದು ವರ್ಷ ಟಿಕ್ಕಾ ರೋಗದಿಂದ ಎಲೆಯೆಲ್ಲ ಉದುರಿರುತ್ತದೆ. ಮುಂದಿನ ವರ್ಷ ಭೂತಗನ್ನಡಿ ಹಿಡಿದು ಹುಡುಕಿದರೂ ಚುಕ್ಕೆ ಸಿಗುವುದಿಲ್ಲ. ತುಕ್ಕು ರೋಗದ್ದು ಇನ್ನೊಂದು ತೊಡಕು. ಅದು ಜೀವಂತ ಎಲೆಯ ಮೇಲಷ್ಟೇ ಬದುಕುತ್ತದೆ, ಪ್ಲೇಟಿನಲ್ಲಿ ಬೆಳೆಯುವುದಿಲ್ಲ. ಗಿಡ ಇಟ್ಟು ಸಾಕಲು ಗ್ರೀನ್‌ಹೌಸ್ ಇಲ್ಲದವರು ಅದಕ್ಕೆ ಕೈ ಹಾಕಬಾರದು.

ನಾನು ಹಿಡಿದದ್ದು ಬುಡಕೊಳೆ. ಸ್ಕ್ಲೆರೋಷಿಯಂ ರಾಲ್ಫ್‌ಸಿಯೈ. ಗಿಡ ಹರಡಿ ಸಾಲು ಮುಚ್ಚಿದ ಮೇಲೆ ಹೊಲಕ್ಕೆ ಹೋಗಿ ಬಾಡಿದ ಗಿಡವೊಂದನ್ನು ಬಗ್ಗಿಸಿ ನೋಡಿ. ಮಣ್ಣು ತಾಗುವ ಕಡೆ ಕಾಂಡದ ಸುತ್ತ ಬಿಳಿ ನೂಲು ಹಬ್ಬಿರುತ್ತದೆ. ಅದರ ಮೇಲೆ ಸಾಸಿವೆ ಕಾಳಿನಂಥ ಗುಂಡುಗಳು. ಮೊದಲು ಬಿಳಿ, ಬಲಿತ ಮೇಲೆ ಕಂದು. ಅವೇ ಸ್ಕ್ಲೆರೋಷಿಯಾ. ಬೆಳೆ ಕಿತ್ತ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಮತ್ತೆ ಮೊಳೆಯುತ್ತವೆ. ಮಳೆ ಹೆಚ್ಚುಕಮ್ಮಿಯಾದರೂ ಹೊಲದಲ್ಲಿ ಸಿಕ್ಕೇ ಸಿಗುತ್ತವೆ. 30 ಡಿಗ್ರಿ ಹತ್ತಿರದ ಶಾಖ ಅದಕ್ಕೆ ಇಷ್ಟ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ನಿಂತರೂ ಅದರ ಪಾಡಿಗೆ ಬೆಳೆಯುತ್ತಿರುತ್ತದೆ. ನಮ್ಮಂಥ ಲ್ಯಾಬಿಗೆ ಹೇಳಿ ಮಾಡಿಸಿದ ಶಿಲೀಂಧ್ರ. ಹೆಸರು ಈಗ ಅಗ್ರೋಅಥೀಲಿಯಾ ಅಂತ ಬದಲಾಗಿದೆ. ಪೇಪರ್ ಹುಡುಕುವಾಗ ಹಳೆಯದು, ಹೊಸದು ಎರಡೂ ಹಾಕಿ.

ಮೊದಲ ವರ್ಷ ಬೇರೇನೂ ಬೇಡ. ಶುದ್ಧ ಕಲ್ಚರ್, ಅಂದರೆ ಬೇರೇನೂ ಬೆರೆಯದ ಒಂದೇ ಶಿಲೀಂಧ್ರ, ತೆಗೆಯುವುದರಲ್ಲಿ ಕೈ ಪಳಗಿಸಿ. ಮಾದರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಬಸ್ಸಿನಲ್ಲಿ ತಂದರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಬೆವೆತು ಕೊಳೆತಿರುತ್ತದೆ. ಆಮೇಲೆ ಪ್ಲೇಟಿನಲ್ಲಿ ಬರುವುದು ರೈಜೋಪಸ್, ಆಸ್ಪರ್ಜಿಲಸ್‌ನಂಥ ಬೂಷ್ಟು ಮಾತ್ರ. ನ್ಯೂಸ್‌ಪೇಪರಿನಲ್ಲಿ ಸುತ್ತಿ, ಪೇಪರ್ ಕವರಿಗೆ ಹಾಕಿ, ಊರು, ತಳಿ, ತಾರೀಖು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಇಂಕು ಒದ್ದೆಯಾದರೆ ಅಳಿಸುತ್ತದೆ. ಕತ್ತರಿಸುವಾಗ ಪೂರ್ತಿ ಕೊಳೆತ ಭಾಗ ಬೇಡ. ಕೊಳೆತದ್ದು ಮತ್ತು ಹಸಿರು ಸೇರುವ ಅಂಚಿನಿಂದ ಪುಟ್ಟ ಚೂರು ತೆಗೆಯಿರಿ. ರೋಗಕಾರಕ ಮುಂದಕ್ಕೆ ನುಗ್ಗುತ್ತಿರುವುದು ಅಲ್ಲಿ. ಹಿಂದೆ ಇರುವುದೆಲ್ಲ ಕೊಳೆತದ್ದನ್ನು ತಿನ್ನಲು ಬಂದವು. 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ ಅದ್ದಿ, ಸ್ಟೆರೈಲ್ ನೀರಿನಲ್ಲಿ ಮೂರು ಸಲ ತೊಳೆದು, ಒತ್ತಿ ಒಣಗಿಸಿ ಪಿಡಿಎ ಅನ್ನುವ ಆಲೂಗಡ್ಡೆ-ಅಗರ್ ಮಾಧ್ಯಮದ ಮೇಲೆ ಇಡಿ. ಪಿಡಿಎ ಪುಡಿಗೆ ದುಡ್ಡಿಲ್ಲ ಅಂದರೆ ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿದ ರಸ, 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್. ನಾವು ಹಾಗೇ ಮಾಡುತ್ತಿದ್ದೆವು.

ಬಂದದ್ದೇ ರೋಗಕಾರಕ ಅಂತ ಬರೆದುಬಿಡಬೇಡಿ. ಆರೋಗ್ಯವಾಗಿರುವ ಗಿಡಕ್ಕೆ ಹಾಕಿ, ಅದೇ ಲಕ್ಷಣ ಬರಬೇಕು. ಅದರಿಂದ ಅದೇ ಶಿಲೀಂಧ್ರ ಮತ್ತೆ ಹೊರಬರಬೇಕು. ರೋಗಕಾರಕವನ್ನು ಖಚಿತಪಡಿಸುವ ರಾಬರ್ಟ್ ಕಾಕ್‌ನ ಈ ನಿಯಮ ಪರೀಕ್ಷೆಗೆ ಬರೆದು ಮರೆಯುವುದಕ್ಕಲ್ಲ. ವೈವಾದಲ್ಲಿ ಮೊದಲ ಪ್ರಶ್ನೆ ಅದೇ.

ಹಿರಿಯೂರಿನಿಂದ, ಕೃಷಿ ಓದಿ ಸಸ್ಯರೋಗಶಾಸ್ತ್ರಕ್ಕೆ ಬಂದವರು

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ಒಂದು ರೋಗಕ್ಕೆ ಒಂದೇ ಶಿಲೀಂಧ್ರ ಅಂತ ಹೊರಟರೆ ನಮ್ಮ ಕಡೆಯ ದಾಳಿಂಬೆ ಬುದ್ಧಿ ಕಲಿಸುತ್ತದೆ. ಇಲ್ಲಿ ಹಣ್ಣು ಸೀಳುವ ದುಂಡಾಣು ಅಂಗಮಾರಿ ಬ್ಯಾಕ್ಟೀರಿಯಾದ್ದು, ಅದಕ್ಕೂ ಶಿಲೀಂಧ್ರಕ್ಕೂ ಸಂಬಂಧ ಇಲ್ಲ. ಗಿಡವೇ ಒಣಗುವ ಸೊರಗು ರೋಗ ಸೆರಟೋಸಿಸ್ಟಿಸ್ ಶಿಲೀಂಧ್ರದ್ದು. ಆದರೆ ಅದೇ ಗಿಡದ ಬೇರಿನಲ್ಲಿ ಜಂತುಹುಳುವಿನ ಗಂಟು, ಕಾಂಡದಲ್ಲಿ ಕೊರಕದ ತೂತು ಕೂಡ ಇರಬಹುದು. ಯಾರನ್ನು ಹಿಡಿದು ಶಿಕ್ಷಿಸುತ್ತೀರಿ? ಬೇರಿಗೂ ಮಣ್ಣಿಗೂ ಶಿಲೀಂಧ್ರಕ್ಕೂ ನಡುವೆ ಏನು ನಡೆಯುತ್ತದೆ ಅನ್ನುವುದೇ ಸಂಶೋಧನೆ.

ಒಂದು ಉಪಾಯ ಹೇಳುತ್ತೇನೆ. ಸೆರಟೋಸಿಸ್ಟಿಸ್ ಪಿಡಿಎ ಮೇಲೆ ನೇರವಾಗಿ ಬರಲು ಸತಾಯಿಸುತ್ತದೆ. ಸೊರಗಿದ ಗಿಡದ ಬುಡ ಸೀಳಿದರೆ ಕಟ್ಟಿಗೆಯಲ್ಲಿ ಕಪ್ಪು, ಬೂದು ಕಲೆ ಕಾಣುತ್ತದೆ. ಆ ಕಲೆಯ ಚಕ್ಕೆಯನ್ನು ಎರಡು ಕ್ಯಾರೆಟ್ ಬಿಲ್ಲೆಗಳ ನಡುವೆ ಇಟ್ಟು, ಒದ್ದೆ ಪೇಪರ್ ಹಾಸಿದ ಡಬ್ಬಿಯಲ್ಲಿ ಮುಚ್ಚಿಡಿ. ವಾರ, ಹತ್ತು ದಿನದಲ್ಲಿ ಕ್ಯಾರೆಟ್ ಮೇಲೆ ಉದ್ದ ಕತ್ತಿನ ಕಪ್ಪು ಹೂಜಿಗಳು ಏಳುತ್ತವೆ. ಪ್ರತಿ ಕತ್ತಿನ ತುದಿಯಲ್ಲೂ ಕೆನೆ ಬಣ್ಣದ ಒಂದು ಹನಿ. ಆ ಹನಿಯೇ ಬೀಜಕಣಗಳ ರಾಶಿ. ಸೂಜಿಯಿಂದ ಅದನ್ನು ಮುಟ್ಟಿ ಪ್ಲೇಟಿಗೆ ಹಾಕಿದರೆ ಶುದ್ಧ ಕಲ್ಚರ್ ಸಿಗುತ್ತದೆ. ಖರ್ಚು ಒಂದು ಕ್ಯಾರೆಟ್!

ಇನ್ನೊಂದು. ನಿಮ್ಮ ಮೆಕ್ಕೆಜೋಳದ ಕೇದಿಗೆ ರೋಗ, ಮಲೆನಾಡಿನ ಅಡಿಕೆ ಕೊಳೆ ಇವೆರಡೂ ಅಸಲಿ ಶಿಲೀಂಧ್ರದ್ದಲ್ಲ. ಅವು ಊಮೈಸೀಟ್‌ಗಳು. ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಇರುತ್ತದೆ, ವಂಶ ಕಂದು ಪಾಚಿಗೆ ಹತ್ತಿರ. ಇದು ಬರೀ ಪಾಠದ ವಿಷಯ ಅಲ್ಲ. ಕಾರ್ಬೆಂಡಜಿಮ್ ಹೊಡೆದರೆ ಅವು ಜಗ್ಗುವುದಿಲ್ಲ, ಮೆಟಲಾಕ್ಸಿಲ್‌ಗೆ ಬಗ್ಗುತ್ತವೆ. ಅಂಗಡಿಯಲ್ಲಿ ಕೊಟ್ಟದ್ದನ್ನು ತಂದು ಹೊಡೆದ ರೈತ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಚಿತ್ರದುರ್ಗ ತಾಲ್ಲೂಕಿನ ಈರುಳ್ಳಿ ಬೆಳೆಗಾರರು

ನಾನು ವಿಜ್ಞಾನಿ ಅಲ್ಲ, ಆದರೂ ಒಂದು ಮಾತು. ಮಳೆ ಹಿಡಿದ ವರ್ಷ ಗರಿ ಹಾವಿನ ಹಾಗೆ ಸುತ್ತಿಕೊಂಡು ಗಡ್ಡೆ ಕೂರುವುದಿಲ್ಲ. ಆಗ ಕಾಲೇಜಿನವರು ಬಂದು ಗಿಡ ಕಿತ್ತುಕೊಂಡು ಹೋಗುತ್ತಾರೆ. ಮತ್ತೆ ಮುಖ ತೋರಿಸುವುದಿಲ್ಲ. ಏನು ಸಿಕ್ಕಿತು ಅಂತ ಒಂದು ಫೋನ್ ಮಾಡಿ ಹೇಳಿ ಸಾಕು. ಮುಂದಿನ ಸಲ ಗಿಡ ನಾವೇ ಕಿತ್ತಿಟ್ಟಿರುತ್ತೇವೆ.

ಹಿರಿಯೂರಿನವರೇ ಮತ್ತೆ

ಅಣ್ಣ, ನೀವು ಹೇಳುವ ಸುತ್ತುವ ರೋಗ ಕೊಲೆಟೋಟ್ರೈಕಮ್ ಶಿಲೀಂಧ್ರದ್ದು. ಗರಿ ಮೇಲಿನ ನೇರಳೆ ಮಚ್ಚೆ ಬೇರೆ, ಅದು ಆಲ್ಟರ್ನೇರಿಯಾ ಪೋರಿ. ಒಂದೇ ಹೊಲದಲ್ಲಿ ಎರಡೂ ಇರಬಹುದು. ನೀವು ಹೇಳಿದ್ದು ನ್ಯಾಯವಾದ ಮಾತು.

ದಾವಣಗೆರೆಯಿಂದ, ಪೋಸ್ಟ್‌ಡಾಕ್ ಮುಗಿಸಿ ಬಂದವರು

ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ರೋಗಕಾರಕವನ್ನು ಅಡಗಿಸುವ ಟ್ರೈಕೋಡರ್ಮಾ ಶಿಲೀಂಧ್ರ ಒಂದು ಕಡೆ, ರೋಗಕಾರಕ ಇನ್ನೊಂದು ಕಡೆ ಇಟ್ಟು ಪ್ಲೇಟಿನಲ್ಲಿ ಯಾರು ಗೆದ್ದರು ಅಂತ ಅಳೆಯುವ ಥೀಸಿಸ್ ಇನ್ನೊಂದು ಬೇಡ. ಬೇವಿನ ಎಲೆ ಕಷಾಯ ಹಾಕಿ ವಲಯ ಅಳೆಯುವುದೂ ಬೇಡ. ಪ್ಲೇಟಿನಲ್ಲಿ ಟ್ರೈಕೋಡರ್ಮಾ ಗೆಲ್ಲುತ್ತದೆ. ಅದು ಎಲ್ಲರಿಗೂ ಗೊತ್ತು. ಚಳ್ಳಕೆರೆಯ ಕೆಂಪು ಮರಳು ಮಣ್ಣಿನಲ್ಲಿ, ಸಾವಯವ ಅಂಶ ಕಮ್ಮಿ ಇರುವ ಕಡೆ, ಮಳೆ ಇಲ್ಲದೆ ಬಿಸಿಲು ಕಾದಾಗ ಅದು ಬದುಕುತ್ತದಾ? ಬದುಕಿದರೆ ಎಷ್ಟು ದಿನ? ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಿದರೆ ಏನು ವ್ಯತ್ಯಾಸ? ಇದು ಪ್ರಶ್ನೆ. ದುಬಾರಿ ಯಂತ್ರ ಬೇಡ. ಕುಂಡ, ಮಣ್ಣು, ತಾಳ್ಮೆ ಇದ್ದರೆ ಆಗುತ್ತದೆ.

ಡಿಎನ್‌ಎ ವಿಷಯ. ಐಟಿಎಸ್ ಅನ್ನುವ ಡಿಎನ್‌ಎ ಭಾಗದ ಸೀಕ್ವೆನ್ಸ್ ಮಾಡಿಸಿ, ಸೀಕ್ವೆನ್ಸ್ ಹೋಲಿಸಿ ಹುಡುಕುವ ಬ್ಲಾಸ್ಟ್‌ನಲ್ಲಿ ಮೊದಲು ಬಂದ ಹೆಸರನ್ನು ಹಾಗೇ ಬರೆಯುವ ಚಟ ಬಹಳ ಇದೆ. ಐಟಿಎಸ್ ಅನ್ನು 2012ರಲ್ಲಿ ಶಿಲೀಂಧ್ರಗಳ ಬಾರ್‌ಕೋಡ್ ಅಂತ ಒಪ್ಪಿದ್ದು ನಿಜ. ಆದರೆ ಫ್ಯುಸೇರಿಯಂ ಶಿಲೀಂಧ್ರಗಳ ಗುಂಪಿನಲ್ಲಿ ಅದರಿಂದ ಜಾತಿ ಬಿಡಿಸಲು ಆಗುವುದಿಲ್ಲ, ಟೆಫ್ ಜೀನ್ ಬೇಕು. ಕೊಲೆಟೋಟ್ರೈಕಮ್‌ಗೆ ಇನ್ನೂ ಜಾಸ್ತಿ ಜೀನ್ ಬೇಕು. ಮೊದಲು ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಿ, ಅಳೆದು, ಚಿತ್ರ ಬಿಡಿಸಿ. ಆಮೇಲೆ ಸೀಕ್ವೆನ್ಸ್. ಎರಡೂ ಒಂದೇ ಹೆಸರು ಹೇಳಿದರೆ ಧೈರ್ಯವಾಗಿ ಬರೆಯಬಹುದು.

ಕಲ್ಚರ್ ಕಾಪಾಡುವುದು ಇಲ್ಲಿ ಯಾರೂ ಹೇಳಿಕೊಡದ ವಿದ್ಯೆ. ಪದೇ ಪದೇ ಪ್ಲೇಟಿನಿಂದ ಪ್ಲೇಟಿಗೆ ಬದಲಾಯಿಸಿದರೆ ಕೆಲವು ಶಿಲೀಂಧ್ರಗಳು ರೋಗ ತರುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಸ್ಲಾಂಟ್ (ಅಗರ್ ಓರೆಯಾಗಿ ಗಟ್ಟಿಯಾದ ಕೊಳವೆ) ಮಾಡಿ 4 ಡಿಗ್ರಿಯಲ್ಲಿಡಿ. ಕೆಲವನ್ನು ಮಿನರಲ್ ಆಯಿಲ್ ಕೆಳಗಿಡಿ. ಮುಖ್ಯವಾದವನ್ನು ಪುಣೆಯ ಅಘರ್ಕರ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಿಲೀಂಧ್ರ ಕಲ್ಚರ್ ಸಂಗ್ರಹಕ್ಕೋ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ಐಎಆರ್‌ಐನಲ್ಲಿರುವ ಐಟಿಸಿಸಿ ಕಲ್ಚರ್ ಸಂಗ್ರಹಕ್ಕೋ ಕಳಿಸಿ ನಂಬರ್ ತೆಗೆದುಕೊಳ್ಳಿ. ಗುರುತಿಸಿಕೊಡುವ ಕೆಲಸವನ್ನೂ ಅಲ್ಲಿ ಮಾಡುತ್ತಾರೆ. ಹೊರದೇಶಕ್ಕೆ ಮಾತ್ರ ಸುಮ್ನೆ ಪೋಸ್ಟ್ ಮಾಡಬೇಡಿ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ನಿಯಮ ಮೊದಲು ನೋಡಿ.

ಚಿತ್ರದುರ್ಗ, ಸಸ್ಯಶಾಸ್ತ್ರ ಕಲಿಸುವವರು

ಎಲ್ಲರೂ ರೋಗದ ಹಿಂದೆ ಬಿದ್ದಿದ್ದೀರಿ. ಗಿಡಕ್ಕೆ ನೆರವಾಗುವ ಶಿಲೀಂಧ್ರಗಳೂ ಇವೆಯಲ್ಲ. ನಮ್ಮ ಬರದ ಮಣ್ಣಿಗೆ ಮೈಕೋರೈಜಾ, ಅಂದರೆ ಬೇರಿನ ಜೊತೆ ಕೂಡಿ ಬದುಕುವ ಶಿಲೀಂಧ್ರ, ಬಹಳ ಒಳ್ಳೆಯ ವಿಷಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಈರುಳ್ಳಿ, ಶೇಂಗಾ, ಜೋಳ, ದಾಳಿಂಬೆ ಎಲ್ಲಕ್ಕೂ ಬೇರಿನಲ್ಲಿ ಇವು ಇರುತ್ತವೆ. ಸಾಸಿವೆ, ಕೋಸಿನ ಜಾತಿಗೆ ಇಲ್ಲ. ಮಣ್ಣನ್ನು ನೀರಿನಲ್ಲಿ ಕಲಸಿ, ಒಂದರ ಕೆಳಗೊಂದು ಜರಡಿಯಲ್ಲಿ ಸೋಸಿದರೆ ಬೀಜಕಣ ಸಿಗುತ್ತದೆ. ಬೇರನ್ನು ಪೊಟ್ಯಾಷಿಯಂ ಹೈಡ್ರಾಕ್ಸೈಡಿನಲ್ಲಿ ಬೇಯಿಸಿ, ಟ್ರೈಪಾನ್ ಬ್ಲೂ ಹಾಕಿದರೆ ಜೀವಕೋಶದೊಳಗೆ ಕವಲೊಡೆದ ಪುಟ್ಟ ಮರಗಳ ಹಾಗೆ ಕಾಣುತ್ತದೆ. 1963, 1970ರ ಹಳೆಯ ವಿಧಾನಗಳು, ಇವತ್ತಿಗೂ ನಡೆಯುತ್ತವೆ. ಇವು ಪಿಡಿಎ ಮೇಲೆ ಬೆಳೆಯುವುದಿಲ್ಲ, ಜೋಳದ ಕುಂಡದಲ್ಲಿ ಸಾಕಬೇಕು. ಮೈಕೋರೈಜಾ ಇರುವ ಬೇರಿಗೆ ಬುಡಕೊಳೆ ಕಮ್ಮಿ ಬರುತ್ತದಾ ಅಂತ ನೋಡಿದರೆ ನಿಮ್ಮ ವಿಷಯವೂ ಆಯಿತು.

ಟ್ರೈಪಾನ್ ಬ್ಲೂ ಮುಟ್ಟುವಾಗ ಗ್ಲೌಸ್ ಹಾಕಿ, ಅದು ಕ್ಯಾನ್ಸರ್ ತರಬಲ್ಲ ಬಣ್ಣ. ಆಸ್ಪರ್ಜಿಲಸ್ ಪ್ಲೇಟು ತೆರೆಯುವಾಗ ಮಾಸ್ಕ್ ಇರಲಿ.

ಚನ್ನಗಿರಿಯಿಂದ, ಅಡಿಕೆ ತೋಟದ ಮನೆಯ ಸಂಶೋಧನಾ ವಿದ್ಯಾರ್ಥಿನಿ

ಅಡಿಕೆಯನ್ನು ಮರೆಯಬೇಡಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಶಿಲೀಂಧ್ರ ತಜ್ಞರಾಗಿ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದರಿಂದಲೇ ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹೆಸರು ಬಂದದ್ದು. ಆದರೆ ಬಯಲು ಸೀಮೆ ತೋಟಕ್ಕೆ ಕಾಟ ಕೊಡುವುದು ಅಣಬೆ ರೋಗ, ಗ್ಯಾನೋಡರ್ಮಾ. ಬುಡದಲ್ಲಿ ಅಣಬೆ ಕಾಣುವಷ್ಟರಲ್ಲಿ ಒಳಗೆ ಮರ ಮುಗಿದಿರುತ್ತದೆ. ಅಣಬೆ ಏಳುವ ಮುಂಚೆಯೇ ರೋಗ ಪತ್ತೆ ಹಚ್ಚುವುದು ಹೇಗೆ ಅನ್ನುವುದಕ್ಕೆ ರೈತನ ಕೈಗೆ ಸಿಗುವಂಥ ಅಗ್ಗದ ದಾರಿ ಬೇಕು. ಒಂದು ಎಚ್ಚರಿಕೆ: ಮರದ ಮೇಲೆ ಪ್ರಯೋಗಕ್ಕೆ ಹಲವು ವರ್ಷ ಬೇಕು. ಫೆಲೋಶಿಪ್ ಮುಗಿದರೂ ಮರ ಬಾಡಿರುವುದಿಲ್ಲ.

ದಾವಣಗೆರೆಯವರೇ ಮತ್ತೆ, ಹೊಟ್ಟೆಪಾಡಿನ ಬಗ್ಗೆ

ಅದನ್ನು ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಸಿಎಸ್‌ಐಆರ್-ಯುಜಿಸಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಾಸಾದರೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಇದು 2023ರ ಜನವರಿಯಿಂದ ಲೆಕ್ಕಕ್ಕೆ ಬಂದ ದರ. ಪ್ರತಿ ತಿಂಗಳು ಸರಿಯಾಗಿ ಬರುತ್ತದೆ ಅಂತ ನಂಬಿ ಬಾಡಿಗೆ ಮನೆ ಹಿಡಿಯಬೇಡಿ, ಒಂದಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆದಿಡಿ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ. ಮೈಕ್ರೋಬಯಾಲಜಿಯವರಿಗೆ ಕೃಷಿ ವಿಶ್ವವಿದ್ಯಾಲಯದ ಹುದ್ದೆಗಳು ಎಲ್ಲವೂ ತೆರೆದಿರುವುದಿಲ್ಲ, ಅರ್ಜಿ ಹಾಕುವ ಮುಂಚೆ ಅರ್ಹತೆಯ ಸಾಲನ್ನು ಎರಡು ಸಲ ಓದಿ. ಬೀಜದ ಕಂಪನಿ, ಜೈವಿಕ ಗೊಬ್ಬರದ ಘಟಕಗಳಲ್ಲಿ ಕಲ್ಚರ್ ಮಾಡುವುದರಲ್ಲಿ ಕೈ ಪಳಗಿದವರಿಗೆ ಕೆಲಸ ಇದೆ. ದುಡ್ಡು ಕೊಟ್ಟರೆ ವಾರದೊಳಗೆ ಪೇಪರ್ ಹಾಕುತ್ತೇವೆ ಅನ್ನುವ ಜರ್ನಲ್‌ಗಳಿಂದ ದೂರ ಇರಿ. ಸಂದರ್ಶನದಲ್ಲಿ ಅದನ್ನು ನೋಡಿದ ಕೂಡಲೇ ಮುಖ ಬದಲಾಗುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಶೇಂಗಾ ಬುಡಕೊಳೆ, ಜೊತೆಗೆ ಮೈಕೋರೈಜಾ ಅಂತ ಮನಸ್ಸು ವಾಲುತ್ತಿದೆ. ಅಪ್ಪ ಮಾತ್ರ ಕಾಯಿಯೊಳಗೆ ಬರುವ ಹಸಿರು ಬೂಷ್ಟಿನ ಬಗ್ಗೆ ಮಾಡು ಅನ್ನುತ್ತಿದ್ದಾರೆ.

ಚಳ್ಳಕೆರೆಯವರು

ಅಪ್ಪ ಹೇಳುತ್ತಿರುವುದು ಆಸ್ಪರ್ಜಿಲಸ್ ಫ್ಲೇವಸ್, ಅಫ್ಲಾಟಾಕ್ಸಿನ್ ವಿಷ ಬರುವುದು ಮುಖ್ಯವಾಗಿ ಅದರಿಂದ. ಕಾಯಿ ಬಲಿಯುವ ಹೊತ್ತಿಗೆ ಮಳೆ ನಿಂತರೆ ಅದು ಜಾಸ್ತಿ. ನಮ್ಮ ಸೀಮೆಗೆ ಸರಿಯಾದ ವಿಷಯವೇ. ಆದರೆ ಬೂಷ್ಟು ಕಂಡರೆ ವಿಷ ಇದೆ ಅಂತಲೂ ಅಲ್ಲ, ಕಾಣದಿದ್ದರೆ ಇಲ್ಲ ಅಂತಲೂ ಅಲ್ಲ. ಅಳೆಯಲೇಬೇಕು. ಅದಕ್ಕೆ ಎಚ್‌ಪಿಎಲ್‌ಸಿ ಅಥವಾ ಎಲೈಸಾ ಕಿಟ್ ಬೇಕು, ನಿಮ್ಮ ಲ್ಯಾಬಿನಲ್ಲಿ ಇಲ್ಲ. ಬೇರೆ ಲ್ಯಾಬ್ ಅಳೆದು ಕೊಡುತ್ತೇನೆ ಅಂತ ಬರೆದು ಕೊಟ್ಟರೆ ಮಾತ್ರ ಹಿಡಿಯಿರಿ. ಇಲ್ಲದಿದ್ದರೆ ಬುಡಕೊಳೆಯೇ ಇರಲಿ. ಬಿತ್ತನೆಯಾಗಿ ಎರಡು ತಿಂಗಳ ಹೊತ್ತಿಗೆ ಪೇಪರ್ ಕವರ್, ಪೆನ್ಸಿಲ್, ಭೂತಗನ್ನಡಿ ತೆಗೆದುಕೊಂಡು ಈ ಕಡೆ ಬನ್ನಿ. ಮೂರು ಹಳ್ಳಿಯ ಹೊಲ ತೋರಿಸುತ್ತೇನೆ.