371ಜೆ ಪ್ರಮಾಣಪತ್ರ ಕೈಸೇರುವ ಮೊದಲೇ ಅರ್ಜಿಯ ಕೊನೆಯ ದಿನ ಬಂದರೆ?

ಚಿಂಚೋಳಿಯ ಅಣ್ಣ:
ನನ್ನ ತಂಗಿ ಕಲಬುರಗಿಯ ಕಾಲೇಜೊಂದಕ್ಕೆ ಬಿ.ಎಸ್ಸಿ. ಪ್ರವೇಶದ ಅರ್ಜಿ ಸಲ್ಲಿಸಬೇಕಾಗಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬಂದಿದೆ. ಆದರೆ 371ಜೆ ಪ್ರಮಾಣಪತ್ರದ, ಅಂದರೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗಿರುವ ಮೀಸಲಾತಿಗೆ ಬೇಕಾದ ಪತ್ರದ, ಕಡತ ಸೇಡಂನ ಸಹಾಯಕ ಆಯುಕ್ತರ ಕಚೇರಿಯಲ್ಲಿ ಇನ್ನೂ ಸಹಿಗೆ ಕಾದಿದೆ. ಶನಿವಾರವೇ ಕೊನೆಯ ದಿನ. ಅರ್ಜಿಯಲ್ಲಿ 371ಜೆ ಮೀಸಲಾತಿ ಕೋರುವ ಅಂಕಣವನ್ನು ಖಾಲಿ ಬಿಟ್ಟು ಅರ್ಜಿ ಕೊಟ್ಟು, ಪತ್ರ ಬಂದ ಮೇಲೆ ತಿದ್ದಿಸಿಕೊಳ್ಳಬಹುದೇ, ಅಥವಾ ಪತ್ರ ಬರುವವರೆಗೆ ಕಾಯಬೇಕೇ? ನಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುತ್ತಿರುವವಳು ಇವಳೇ ಮೊದಲು. ಕೇಳಲು ಬೇರೆ ಯಾರೂ ಇಲ್ಲ.

ನಿವೃತ್ತ ಗುಮಾಸ್ತ, ಪ್ರವೇಶ ವಿಭಾಗ:
ಎರಡೂ ಬೇಡ. ಮೀಸಲಾತಿಯ ಕೋರಿಕೆ ಬೇರೆ, ಅದಕ್ಕೆ ಆಧಾರವಾದ ಕಾಗದ ಬೇರೆ. ಕಾಗದ ತಡವಾದರೆ ಪ್ರಾಂಶುಪಾಲರು ಕಾಲಾವಕಾಶ ಕೊಡುವ ಸಾಧ್ಯತೆ ಇರುತ್ತದೆ. ಕೋರಿಕೆಯನ್ನೇ ಬರೆಯದಿದ್ದರೆ ಕಾಲಾವಕಾಶ ಕೊಡಲು ಏನೂ ಉಳಿಯುವುದಿಲ್ಲ. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟುಗಳು ಮೀಸಲಾಗಿವೆ, ಅದನ್ನು ಒಂದು ಖಾಲಿ ಅಂಕಣಕ್ಕಾಗಿ ಕಳೆದುಕೊಳ್ಳಬಾರದು. ಅಂಕಣವನ್ನು ತುಂಬಿ, ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಟ್ಟಾಗ ಪಡೆದ ಸ್ವೀಕೃತಿಯ ನಕಲನ್ನು ಲಗತ್ತಿಸಿ, ಮೂಲ ಪ್ರಮಾಣಪತ್ರವನ್ನು ಯಾವ ದಿನದೊಳಗೆ ಒಪ್ಪಿಸುತ್ತೀರಿ ಎಂಬುದನ್ನು ತಂಗಿಯೂ ಪಾಲಕರೂ ಸಹಿ ಮಾಡಿದ ಮುಚ್ಚಳಿಕೆ ಪತ್ರದಲ್ಲಿ ಬರೆದು ಕೊಡಿ.

ಬೀದರಿನ ತಾಯಿ:
ಇನ್ನೊಂದು ಮಾತು ಸೇರಿಸುತ್ತೇನೆ. ನನ್ನ ಮಗನ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ, ಅಂದರೆ 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಕೊಡುವ ಪತ್ರ, ತಡವಾಗಿ ಬಂದಿತ್ತು. ಕಿಟಕಿಯಲ್ಲಿ ಕೊಟ್ಟು ಬಂದೆವು. ಪಟ್ಟಿ ಪ್ರಕಟವಾದಾಗ ಅವನ ಹೆಸರು ಸಾಮಾನ್ಯ ವರ್ಗದಲ್ಲಿತ್ತು, ಕೊಟ್ಟದ್ದಕ್ಕೆ ನಮ್ಮ ಬಳಿ ಯಾವ ಗುರುತೂ ಇರಲಿಲ್ಲ. ಆ ಸೀಟು ಹೋಯಿತು. ಏನೇ ಕೊಟ್ಟರೂ ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ಸಂಖ್ಯೆ, ದಿನಾಂಕ ಮತ್ತು ಮೊಹರು ಹಾಕಿಸಿಕೊಂಡೇ ಹೊರಬನ್ನಿ.

ನಿವೃತ್ತ ಗುಮಾಸ್ತ, ಪ್ರವೇಶ ವಿಭಾಗ:
ಅಮ್ಮನವರು ಹೇಳಿದ್ದು ಸರಿ. ಆದರೆ ಇದೆಲ್ಲ ಕಾಲೇಜೇ ನೇರವಾಗಿ ನಡೆಸುವ ಪ್ರವೇಶಕ್ಕೆ ಅನ್ವಯಿಸುತ್ತದೆ. ಸಿಇಟಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವುದರಿಂದ, ಅಲ್ಲಿ ಪ್ರಾಂಶುಪಾಲರ ಕಾಲಾವಕಾಶ ನಡೆಯುವುದಿಲ್ಲ. ಪ್ರಾಧಿಕಾರದ ಪ್ರಕಟಣೆಯ ದಿನಾಂಕವೇ ಅಂತಿಮ.

ಚಿಂಚೋಳಿಯ ಅಣ್ಣ:
ಇಂದು ಮುಚ್ಚಳಿಕೆಯೊಂದಿಗೆ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಪಡೆದೆ. ಸಹಾಯಕ ಆಯುಕ್ತರ ಕಚೇರಿಯ ಸ್ವೀಕೃತಿಯಲ್ಲಿ ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ಇಲ್ಲವೆಂಬುದು ಆಗ ಕಣ್ಣಿಗೆ ಬಿತ್ತು. ಸಹಿಯಾಗುವ ಮೊದಲೇ ತಿದ್ದಿಸಲು ನಾಳೆ ಬೆಳಗಿನ ಬಸ್ಸಿಗೆ ಸೇಡಂಗೆ ಹೊರಡುತ್ತಿದ್ದೇನೆ.